ಕೋಳಿ ಕೇಳಿ ಖಾರ ಅರೀತಾರೇನು?

ಹಾವೇರಿ, ರಾಣೇಬೆನ್ನೂರು ಸೀಮೆಯ ಗೋವಿನಜೋಳ ಕೋಳಿಯ ಹೊಟ್ಟೆ ಸೇರುತ್ತದೆ; ಬ್ಯಾಡಗಿ ಮೆಣಸಿನಕಾಯಿ ಮೊಟ್ಟೆಯ ಸಾರು ಸೇರುತ್ತದೆ. ನಡುವೆ ಆ ಕೋಳಿಯ ಚುಂಚಿಗೆ ಏನಾಯಿತೆಂದು ಕೇಳುವವರು ಕಡಿಮೆ.

ಮೊಟ್ಟೆ ಫಾರ್ಮುಗಳಲ್ಲಿ ಮರಿಯ ಚುಂಚಿನ ತುದಿಯನ್ನು ಕಾದ ಅಲಗಿನಿಂದ ಕತ್ತರಿಸುತ್ತಾರೆ. ‘ಉಗುರು ತೆಗೆದ್ಹಂಗ ಬಿಡ್ರಿ’ ಎಂಬುದು ಸಿದ್ಧ ಉತ್ತರ. ಉಗುರಿನ ತುದಿಗೆ ನರವಿಲ್ಲ, ಚುಂಚಿನ ತುದಿಗೆ ಇದೆ. ಬಲಿತ ಮೇಲೆ ಕತ್ತರಿಸಿದರಂತೂ ನೋವು ವಾರಗಟ್ಟಲೆ ಉಳಿಯುತ್ತದೆ.

ಸಾಕುವವರ ಮಾತಿನಲ್ಲಿಯೂ ಹುರುಳಿದೆ. ಚುಂಚು ಬಿಟ್ಟರೆ ಕೋಳಿಗಳು ಒಂದನ್ನೊಂದು ಕುಕ್ಕಿ ಕೊಲ್ಲುತ್ತವೆ. ನಷ್ಟ ಅವರ ತಲೆಗೇ. ಆದರೆ ಆ ಚಟ ಹುಟ್ಟಿದ್ದೆಲ್ಲಿ? ಹಿತ್ತಲ ಕೋಳಿ ದಿನವಿಡೀ ತಿಪ್ಪೆ ಕೆದರುತ್ತದೆ. ಪಂಜರದ ಕೋಳಿಗೆ ಈ ಪತ್ರಿಕೆಯ ಒಂದು ಪುಟದಷ್ಟೂ ಜಾಗವಿಲ್ಲ. ಕೆದರಲು ಏನೂ ಇಲ್ಲದಾಗ ಪಕ್ಕದ ಕೋಳಿಯ ಪುಕ್ಕವೇ ಗತಿ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೊಂಬು ತೆಗೆಯಲು, ಮೂಗುದಾರ ಹಾಕಲು ವಿನಾಯಿತಿ ಕೊಟ್ಟಿದೆ. ಅಲ್ಲಿ ಚುಂಚಿನ ಹೆಸರಿಲ್ಲ. ಸ್ವೀಡನ್, ನಾರ್ವೆ ದೇಶಗಳು ಚುಂಚು ಕತ್ತರಿಸುವುದನ್ನು ನಿಷೇಧಿಸಿ ದಶಕಗಳಾದವು. ಅಲ್ಲಿ ಮೊಟ್ಟೆಯೇನೂ ನಿಂತಿಲ್ಲ.

ಇಲ್ಲಿ ಕತ್ತರಿಸಲೇಬೇಕಿದ್ದರೆ ಹತ್ತು ದಿನದೊಳಗೆ, ಪಳಗಿದ ಕೈಯಿಂದ, ತುದಿ ಮಾತ್ರ ತೆಗೆಯಲಿ. ಪಶು ಇಲಾಖೆ ಅದನ್ನು ಕಲಿಸಲಿ, ಬಂದು ನೋಡಲಿ. ಕೋಳಿಗೆ ಜಾಗ ಹೆಚ್ಚು ಕೊಟ್ಟವರ ಮೊಟ್ಟೆಗೆ ನಾಲ್ಕು ಕಾಸು ಹೆಚ್ಚು ಕೊಡಲು ತಿನ್ನುವವರೂ ತಯಾರಿರಬೇಕು. ಬರೀ ‘ಅಯ್ಯೋ ಪಾಪ’ ಎಂದರೆ ಚುಂಚು ಉಳಿಯುವುದಿಲ್ಲ.