ವಿಳಾಸ ಒಂದೇ, ಮನೆ ಎರಡು

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಕಚೇರಿಯನ್ನು ಮನೆಯ ಊಟದ ಮೇಜಿನ ಮೇಲೆ ತಂದಿಟ್ಟಿತು. ಆ ದಿನಗಳು ಕಳೆದರೂ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಅನೇಕ ಕಂಪೆನಿಗಳಲ್ಲಿ ಉಳಿದುಕೊಂಡಿದೆ. ಅಪ್ಪನದೋ ಅಮ್ಮನದೋ ಕಚೇರಿ ಲ್ಯಾಪ್‌ಟಾಪ್, ಮಕ್ಕಳ ಪಾಠದ ಕಂಪ್ಯೂಟರ್, ಅಜ್ಜಿ ಧಾರಾವಾಹಿ ನೋಡುವ ಟಿ.ವಿ. ಎಲ್ಲಕ್ಕೂ ಆಧಾರ ಮೂಲೆಯಲ್ಲಿ ಮಿಣುಕುವ ಒಂದೇ ವೈ-ಫೈ ಪೆಟ್ಟಿಗೆ, ಅಂದರೆ ರೂಟರ್.

ಈಗ ಒಂದು ವಿಚಿತ್ರ ತೊಂದರೆಯನ್ನು ಗಮನಿಸಿ. ಬೆಂಗಳೂರಿನ ಕಂಪೆನಿಯ ಉದ್ಯೋಗಿಯೊಬ್ಬರು ಶಿವಮೊಗ್ಗದ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ‘ಸಂಪರ್ಕ ಸಿಕ್ಕಿದೆ’ ಎನ್ನುತ್ತದೆ. ಇಂಟರ್‌ನೆಟ್ ಸಲೀಸಾಗಿ ಓಡುತ್ತದೆ. ಆದರೆ ಕಚೇರಿಯ ಸರ್ವರ್‌ನಲ್ಲಿರುವ ಫೈಲ್ ಮಾತ್ರ ತೆರೆಯುವುದಿಲ್ಲ! ಬೈಗುಳ ಆಟವಾಡುತ್ತಿರುವ ಮಗನಿಗೆ. ಆತುರದಲ್ಲಿ ಪಾಸ್‌ವರ್ಡ್ ನಾಲ್ಕಾರು ಸಲ ತಪ್ಪಾಗಿ ಒತ್ತಿದರೆ ಖಾತೆಗೂ ಬೀಗ. ಅಂದಿನ ಕೆಲಸ ಅಲ್ಲಿಗೆ ಮುಗಿದಂತೆ. ತಪ್ಪು ಮಗನದೂ ಅಲ್ಲ, ಪಾಸ್‌ವರ್ಡಿನದೂ ಅಲ್ಲ. ಎಷ್ಟೋ ವೇಳೆ ಇದು ವಿಳಾಸದ ಗೊಂದಲ.

ಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರಿಗೂ ಐಪಿ ವಿಳಾಸವೆಂಬ ಒಂದು ಸಂಖ್ಯೆ ಬೇಕು. ಹಳೆಯ ಕ್ರಮದಲ್ಲಿ, ಅಂದರೆ ಐಪಿವಿ4ರಲ್ಲಿ, ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿರುವಾಗ ಇಷ್ಟು ಎಲ್ಲಿ ಸಾಕು? ಈ ಕೊರತೆಯನ್ನು ಮೊದಲೇ ಊಹಿಸಿದ್ದ ತಜ್ಞರು ಕೆಲವು ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ತೆಗೆದಿಟ್ಟರು. 1996ರ ನಿಯಮದಂತೆ 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವ 65,536 ವಿಳಾಸಗಳು ಈ ಗುಂಪಿಗೆ ಸೇರಿವೆ. ಇವನ್ನು ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಬಹುದು. ಹೊರಗಿನ ಇಂಟರ್‌ನೆಟ್‌ನಲ್ಲಿ ಅವು ನಡೆಯುವುದಿಲ್ಲ.

ಇದು ಬೆಂಗಳೂರಿನ ಕ್ರಾಸ್‌ಗಳಿದ್ದಂತೆ. ಮಲ್ಲೇಶ್ವರದಲ್ಲೂ 8ನೇ ಕ್ರಾಸ್ ಉಂಟು, ಜಯನಗರದಲ್ಲೂ ಉಂಟು. ಆಯಾ ಬಡಾವಣೆಯವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮಲ್ಲೇಶ್ವರದ ಹುಡುಗನ ಕೈಗೆ ಬಡಾವಣೆಯ ಹೆಸರಿಲ್ಲದೆ ‘8ನೇ ಕ್ರಾಸ್, 10ನೇ ಮನೆ’ ಎಂದು ಬರೆದ ಚೀಟಿ ಕೊಟ್ಟರೆ ಆತ ಜಯನಗರದ ಬಸ್ ಹತ್ತುತ್ತಾನೆಯೆ? ತನ್ನದೇ ಬೀದಿಯ ಬಾಗಿಲು ತಟ್ಟಿ, ಅಂಥವರು ಇಲ್ಲಿಲ್ಲವೆಂದು ಹಿಂದಿರುಗುತ್ತಾನೆ.

ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ಬಹಳಷ್ಟು ರೂಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ 192.168.0 ಅಥವಾ 192.168.1ರ ಸಾಲನ್ನು ಹಂಚುವಂತೆ ಸಿದ್ಧವಾಗಿರುತ್ತವೆ. ಕಚೇರಿಯೂ ಅದೇ ಸಾಲನ್ನು ಇಟ್ಟುಕೊಂಡಿದ್ದರೆ, 192.168.1.10ರಲ್ಲಿರುವ ಕಚೇರಿಯ ಸರ್ವರ್ ಅನ್ನು ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕುತ್ತದೆ. ವಿಪಿಎನ್ ಎಂಬ ಸುರಂಗ ತೆರೆದಿದ್ದರೂ ಅದರೊಳಗೆ ಕಾಲಿಡುವುದೇ ಇಲ್ಲ.

ದೋಷವನ್ನು ಗುರುತಿಸುವ ಬಗೆ ಸುಲಭ. ಕಚೇರಿಯ ನಿಯಮ ಒಪ್ಪುವುದಾದರೆ ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ, ವಿಪಿಎನ್ ಚಾಲೂ ಮಾಡಿ. ಆಗಲೂ ಫೈಲ್ ತೆರೆಯದಿದ್ದರೆ ಕಚೇರಿಯ ತಂತ್ರಜ್ಞರಿಗೆ ಫೋನ್ ಮಾಡುವುದೇ ಸರಿ. ತೆರೆದರೆ ತೊಡಕು ಮನೆಯ ಜಾಲದಲ್ಲಿದೆ. ಮನೆಯ ಸಾಲು ಯಾವುದೆಂದು ಮೊಬೈಲಿನ ವೈ-ಫೈ ವಿವರಗಳಲ್ಲೇ ಕಾಣಬಹುದು. ಕಚೇರಿಯ ಸಾಲಿನ ಮೊದಲ ಮೂರು ಸಂಖ್ಯೆಗಳೂ ಅವೇ ಆಗಿದ್ದರೆ ಕಳ್ಳ ಸಿಕ್ಕಿಬಿದ್ದಂತೆಯೇ. ವಿಪಿಎನ್ ಮೊದಲಿಗೇ ಸಂಪರ್ಕ ಪಡೆಯದಿದ್ದರೆ ಮಾತು ಬೇರೆ. ಮಕ್ಕಳ ಸಲುವಾಗಿ ರೂಟರ್‌ನಲ್ಲಿ ಹಾಕಿದ ನಿರ್ಬಂಧ ಅದನ್ನೂ ತಡೆಯುತ್ತಿರಬಹುದು.

ಪರಿಹಾರಕ್ಕೆ ಹೊರಡುವ ಮುನ್ನ ಒಂದು ಗೆರೆ ಎಳೆದುಕೊಳ್ಳಬೇಕು. ರೂಟರ್ ಮನೆಯದು, ಲ್ಯಾಪ್‌ಟಾಪ್ ಕಚೇರಿಯದು. ತಿದ್ದುವುದೇನಿದ್ದರೂ ರೂಟರ್‌ನಲ್ಲಿ. ಕಂಪ್ಯೂಟರ್ ಬಲ್ಲ ಮಗಳು ಉತ್ಸಾಹದಿಂದ ಲ್ಯಾಪ್‌ಟಾಪಿನ ಜಾಲ ವ್ಯವಸ್ಥೆಯನ್ನು ಬದಲಿಸಿದರೆ, ಕಚೇರಿಯ ಭದ್ರತಾ ತಂತ್ರಾಂಶ ಅದನ್ನು ಅಪಾಯವೆಂದು ಎಣಿಸಿ ಪ್ರವೇಶವನ್ನೇ ನಿಲ್ಲಿಸಬಹುದು. ಆಗ ಉತ್ತರ ಹೇಳಬೇಕಾದವರು ಅಪ್ಪ ಅಥವಾ ಅಮ್ಮ.

ರೂಟರ್‌ನ ಕೆಲಸವನ್ನು ಆಕೆ ಧಾರಾಳವಾಗಿ ಮಾಡಬಹುದು. ಕಚೇರಿಯಲ್ಲಿ ಬಳಸದ ಸಾಲು ಯಾವುದೆಂದು ಮೊದಲು ಕೇಳಿ ತಿಳಿಯಬೇಕು. ಈಗಿನ ವ್ಯವಸ್ಥೆಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಮನೆಯ ಕಂಪ್ಯೂಟರಿನ ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆದು, ಲ್ಯಾನ್ ವಿಭಾಗದಲ್ಲಿ 192.168.1.1 ಎಂದಿರುವುದನ್ನು 192.168.73.1 ಎಂದೋ, ಕಚೇರಿಯವರು ಹೇಳಿದ ಬೇರೊಂದು ಸಾಲಿಗೋ ಬದಲಿಸಬೇಕು. ಮತ್ತೆ ಚಾಲೂ ಆದ ಮೇಲೆ ರೂಟರ್ ಎಲ್ಲ ಉಪಕರಣಗಳಿಗೂ ಹೊಸ ವಿಳಾಸ ಹಂಚುತ್ತದೆ. ಸ್ಥಿರ ವಿಳಾಸ ಕೊಟ್ಟಿರುವ ಪ್ರಿಂಟರ್, ಕ್ಯಾಮೆರಾಗಳನ್ನು ಮಾತ್ರ ಹೊಸದಾಗಿ ಜೋಡಿಸಬೇಕು. ಇಂಟರ್‌ನೆಟ್ ಕಂಪೆನಿ ಕೊಟ್ಟ ಕೆಲವು ರೂಟರ್‌ಗಳಲ್ಲಿ ಈ ಪುಟಕ್ಕೆ ಪ್ರವೇಶವಿರುವುದಿಲ್ಲ. ಆಗ ಅವರನ್ನೇ ಕೇಳಬೇಕು. ಇದೆಲ್ಲ ಭಾನುವಾರದ ಕೆಲಸ, ಸೋಮವಾರ ಬೆಳಗಿನ 9 ಗಂಟೆಯದಲ್ಲ!

ಇನ್ನೆರಡು ಮಾತು. ವಿಪಿಎನ್ ಚಾಲೂ ಇದ್ದಾಗ ಮನೆಯ ಪ್ರಿಂಟರ್ ಮಾಯವಾದರೆ ಗಾಬರಿ ಬೇಡ. ಎಲ್ಲ ಸಂಚಾರವೂ ಸುರಂಗದಲ್ಲೇ ಸಾಗಲೆಂದು ಅನೇಕ ಕಂಪೆನಿಗಳು ಹಾಗೆ ಕಟ್ಟುಪಾಡು ಮಾಡಿರುತ್ತವೆ. ಎರಡನೆಯದು ಪಾಸ್‌ವರ್ಡಿನದು. ಕಚೇರಿಯ ಪಾಸ್‌ವರ್ಡಿನ ಅವಧಿ ಮುಗಿಯುವ ಮೊದಲೇ, ವಿಪಿಎನ್ ಸಂಪರ್ಕದಲ್ಲಿರುವಾಗಲೇ ಅದನ್ನು ಬದಲಿಸುವುದು ಕ್ಷೇಮ. ಇಲ್ಲವಾದರೆ ಕಚೇರಿಗೆ ಹೊಸ ಪಾಸ್‌ವರ್ಡ್ ಗೊತ್ತು, ಲ್ಯಾಪ್‌ಟಾಪಿಗೆ ಹಳೆಯದೇ ನೆನಪು ಎಂಬಂತಾಗಿ ಬಾಗಿಲು ಮುಚ್ಚಿಕೊಳ್ಳುವುದುಂಟು.

ಅನೇಕ ರೂಟರ್‌ಗಳಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ಜಾಲ ಮಾಡುವ ಸೌಲಭ್ಯವಿದೆ. ಕಚೇರಿಯ ಲ್ಯಾಪ್‌ಟಾಪನ್ನು ಅದರಲ್ಲಿಟ್ಟರೆ, ಮಕ್ಕಳ ಕಂಪ್ಯೂಟರಿಗೆ ಆಟದ ಜೊತೆ ಅಂಟಿ ಬಂದ ವೈರಸ್ ಅದರತ್ತ ಹರಡುವ ಸಂಭವ ಕಡಿಮೆ. ಆದರೆ ಆ ಜಾಲದ ಸಾಲೂ ಕಚೇರಿಯದಕ್ಕಿಂತ ಬೇರೆಯಾಗಿರಬೇಕೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗ. ಮನೆಯ ಉಪಕರಣಗಳ ವಿಳಾಸಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ಮುಂದಿನ ಸಲ ಫೈಲ್ ತೆರೆಯದಾದಾಗ ಮನೆಯವರು ಮೊದಲು ನೋಡಬೇಕಾದದ್ದು ಆ ಹಾಳೆಯನ್ನು.