ಪುದುಚೇರಿಯ ಜಗುಲಿಮನೆ

ಇತ್ತೀಚೆಗೆ ಕಾರ್ಯನಿಮಿತ್ತವಾಗಿ ಪುದುಚೇರಿಗೆ ಹೋಗಿದ್ದ ನಾವು ಅಲ್ಲಿ ಮೂರು ರಾತ್ರಿ ತಂಗಬೇಕಾಯಿತು. ಮಿತ್ರರೆಲ್ಲರೂ ಕಡಲ ದಂಡೆಯ ಫ್ರೆಂಚ್ ಕೇರಿಯಲ್ಲಿಯೇ ಇಳಿದುಕೊಳ್ಳಬೇಕೆಂದು ಬುದ್ಧಿ ಹೇಳಿದ್ದರು. ನಾವು ಇಳಿದುಕೊಂಡದ್ದಾದರೋ ಊರನ್ನು ಎರಡಾಗಿ ಸೀಳುವ ಕಾಲುವೆಯ ಪಶ್ಚಿಮಕ್ಕೆ, ತಮಿಳರ ಕೇರಿಯ ಒಂದು ಓಣಿಯಲ್ಲಿ, ನಾಲ್ಕೇ ಕೊಠಡಿಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಒಂದು ಹಳೆಯ ಮನೆಯಲ್ಲಿ. ಅದನ್ನು ಹೋಟೆಲೆಂದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲ.

ಕಾಲುವೆಯ ಪೂರ್ವಭಾಗವನ್ನು ಫ್ರೆಂಚರು ‘ಬಿಳಿಯರ ಊರು’ ಎಂದೂ ಪಶ್ಚಿಮಭಾಗವನ್ನು ‘ಕರಿಯರ ಊರು’ ಎಂದೂ ಕರೆಯುತ್ತಿದ್ದರು. ಅವರು ಆಡಳಿತವನ್ನು ಒಪ್ಪಿಸಿದ್ದು 1954ರ ನವೆಂಬರ್ 1ರಂದು. ಕಾನೂನಿನ ಮೇರೆಗೆ ಹಸ್ತಾಂತರವು ಪೂರ್ತಿಯಾದದ್ದು 1962ರ ಆಗಸ್ಟ್ 16ರಂದು. ಆಳಿದವರು ಹೋದರೂ ಮೊದಲನೆಯ ಹೆಸರು ಹೋಗಲಿಲ್ಲ. ಹೋಗದಿದ್ದರೆ ಹೋಗಲಿ, ನಮ್ಮವರೇ ಅದನ್ನು ಹಲಗೆಗಳ ಮೇಲೆ ಬರೆಯಿಸಿ ವ್ಯಾಪಾರ ನಡೆಸುತ್ತಿದ್ದಾರೆ! ಎರಡನೆಯ ಹೆಸರನ್ನು ಬರೆಯಿಸಿದ ವಸತಿಗೃಹವೊಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ದೇಶಭಕ್ತನು ಪುದುಚೇರಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಎರಡನೆಯ ಊರನ್ನೇ. ಆಂಗ್ಲ ಸರ್ಕಾರದ ಸೆರೆಯನ್ನು ತಪ್ಪಿಸಿಕೊಂಡು 1908ರಲ್ಲಿ ಬಂದ ಸುಬ್ರಹ್ಮಣ್ಯ ಭಾರತಿಯವರು ಹತ್ತು ವರ್ಷ ಆಶ್ರಯ ಪಡೆದದ್ದು ಈ ನಗರದಲ್ಲಿ; ಅವರು ವಾಸವಾಗಿದ್ದ ಮನೆಯು ಈ ಕೇರಿಯಲ್ಲಿಯೇ ಇದೆ. ‘ಇಂಡಿಯಾ’ ಪತ್ರಿಕೆಯು ಮದರಾಸನ್ನು ಬಿಟ್ಟು ಇಲ್ಲಿಂದಲೇ ಹೊರಟಿತು. ಪತ್ರಿಕಾವೃತ್ತಿಯವರಾದ ನಮಗೆ ಆ ಓಣಿಗಳು ಕ್ಷೇತ್ರಸಮಾನವಾಗಿ ಕಂಡರೆ ವಾಚಕರು ಆಶ್ಚರ್ಯಪಡಲಾರರು.

ನಾವು ತಂಗಿದ್ದ ಮನೆಯ ವಿಚಾರ. ಬೀದಿಗೆ ಚಾಚಿದ ಹಂಚಿನ ಮಾಡು, ಅದಕ್ಕೆ ಮರದ ಕಂಬಗಳು, ಕೆಳಗೆ ನುಣುಪಾದ ಗಾರೆಯ ಜಗುಲಿ. ತಮಿಳಿನಲ್ಲಿ ಇದು ತಿಣ್ಣೈ. ಕೆತ್ತನೆಯ ಬಾಗಿಲನ್ನು ದಾಟಿದರೆ ಕಂಬಗಳ ನಡುವಣ ಅಂಗಳ. ಮೈಸೂರಿನ ತೊಟ್ಟಿಮನೆಯನ್ನು ಬಲ್ಲವರಿಗೆ ವಿವರಿಸಬೇಕಾದದ್ದೇ ಇಲ್ಲ. ಮಹಡಿಯಲ್ಲಿ ಮಾತ್ರ ಕಮಾನಿನ ಕಿಟಕಿಗಳು ಫ್ರೆಂಚರ ಮಾದರಿಯವು. ಕೆಳಗೆ ತಮಿಳು, ಮೇಲೆ ಫ್ರೆಂಚು. ಈ ಊರಿನ ಮೇಸ್ತ್ರಿಗಳು ಎರಡನ್ನೂ ಜಗಳವಿಲ್ಲದೆ ಒಂದೇ ಗೋಡೆಯಲ್ಲಿ ಕೂಡಿಸಿದ್ದಾರೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿಯೂ ಆ ಸುಣ್ಣದ ಗೋಡೆಗಳ ಒಳಗೆ ನಮಗೆ ಬೀಸಣಿಗೆ ಬೇಕೆನಿಸಲಿಲ್ಲ. ಜಗುಲಿಯು ಮನೆಯವರದಾದರೂ ದಾರಿಹೋಕರದೂ ಹೌದು. ಪರಸ್ಥಳದವನು ಯಾರನ್ನೂ ಕೇಳದೆ ಗಂಟನ್ನು ತಲೆಗಿಟ್ಟು ಮಲಗಿ, ಬೆಳಗಾಗೆದ್ದು ನೀರು ಕುಡಿದು ಹೋಗುತ್ತಿದ್ದ ಕಾಲವೊಂದಿತ್ತು. ನಾವು ಹಣ ತೆತ್ತು ಒಳಗೆ ಮಲಗಿದೆವು. ಇದನ್ನು ನೆನೆದು ಮೊದಲ ರಾತ್ರಿ ಮನಸ್ಸಿಗೆ ಸ್ವಲ್ಪ ಮುಜುಗರವೇ ಆಯಿತು.

ಆ ಮುಜುಗರವನ್ನು ಕಳೆದವರು ಮನೆಯೊಡತಿಯವರು. ಅರವತ್ತು ದಾಟಿದ ಆಕೆ ನಮ್ಮ ಮುರುಕು ತಮಿಳನ್ನು ಸಹಿಸಿಕೊಂಡು ಲೆಕ್ಕವನ್ನು ಒಪ್ಪಿಸಿದರು. ಮನೆಗೆ ಪಾಲುದಾರರು ಏಳು ಮಂದಿ, ಅವರಲ್ಲಿ ಮೂವರು ಫ್ರಾನ್ಸಿನಲ್ಲಿದ್ದಾರೆ. “ಮಾರಿಬಿಡೆಂದು ಎಲ್ಲರೂ ಹೇಳುತ್ತಾರೆ ಅಯ್ಯಾ. ಮಳೆಗಾಲದಲ್ಲಿ ಸೋರಿದರೆ ಬಂದು ನೋಡುವವರು ಯಾರು? ಈ ನಾಲ್ಕು ಕೋಣೆಯ ಬಾಡಿಗೆಯಿಂದಲೇ ಮಾಡು ನಿಂತಿದೆ” ಎಂದರು. ಪಾಲುಗಾರಿಕೆ ಮತ್ತು ನೆಲದ ಬೆಲೆ ಇವೆರಡೂ ಸೇರಿದರೆ ಎಂತಹ ಮನೆಯೂ ಉಳಿಯದು. ಒಂದು ದಿನ ಗುದ್ದಲಿ ಬೀಳುತ್ತದೆ. ಮರುವರ್ಷ ಅಲ್ಲಿ ನಾಲ್ಕಂತಸ್ತಿನ ಸಿಮೆಂಟಿನ ಪೆಟ್ಟಿಗೆ.

ಸರ್ಕಾರದವರಿಗೆ ಇದು ತಿಳಿಯದ ವಿಷಯವಲ್ಲ. ಕಡಲ ದಂಡೆಯ ಹಳೆಯ ಪುರಭವನವು 2014ರ ನವೆಂಬರಿನ ಮಳೆಯಲ್ಲಿ ಕುಸಿದುಬಿತ್ತು. ಅದನ್ನು ಮೊದಲಿದ್ದ ರೂಪದಲ್ಲಿಯೇ ಕಟ್ಟಿಸಿ 2021ರಲ್ಲಿ ತೆರೆದರು. ಶ್ಲಾಘ್ಯವಾದ ಕಾರ್ಯ. ತಮಿಳರ ಕೇರಿಗೆ ಯಾರೂ ಏನೂ ಮಾಡಲಿಲ್ಲವೆಂದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಯೂರೋಪಿನ ಧನಸಹಾಯದಿಂದ ಇಂಟ್ಯಾಕ್ ಸಂಸ್ಥೆಯವರು ವೈಶ್ಯಾಳ್ ಬೀದಿಯ ಮನೆಗಳ ಮುಖಗಳನ್ನು ಸರಿಪಡಿಸಿದರು. ಆದರೆ ಮುಖ ತೊಳೆದಮಾತ್ರಕ್ಕೆ ಹೊಟ್ಟೆ ತುಂಬೀತೆ? ಬೀದಿಯ ಚೆಲುವಿಗೆ ಒಮ್ಮೆ ಹಣ ಸಿಕ್ಕೀತು. ವರ್ಷವರ್ಷವೂ ಹಂಚು, ತೊಲೆ, ಸುಣ್ಣಗಳಿಗೆ ಬೇಕಾದ ಹಣವನ್ನು ಮನೆಯವರೇ ದುಡಿಯಬೇಕು.

ಆದಕಾರಣ ಇಂತಹ ಚಿಕ್ಕ ಬಿಡದಿಗಳನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಒಂದು ಷರತ್ತಿದೆ: ಮನೆಯವರು ಮನೆಯಲ್ಲಿಯೇ ಇರಬೇಕು. ರಾತ್ರಿ ಕಾಲುವೆಯಾಚೆ ತಿರುಗಾಡಿದಾಗ ಸಾಲುಸಾಲು ಮನೆಗಳಲ್ಲಿ ದೀಪಗಳಿದ್ದವು, ಒಂದು ಮಗುವಿನ ಅಳುವೂ ಕೇಳಲಿಲ್ಲ. ಬರಿಯ ಪ್ರವಾಸಿಗಳು ಮತ್ತು ಅವರ ಮೋಟಾರುಗಳು. ಅಂತಹ ಬೀದಿಯು ನಾಟಕದ ಪರದೆಯಾದೀತೇ ಹೊರತು ಊರಾಗದು. ಒಡೆಯರು ವಾಸವಾಗಿದ್ದು ಐದಾರು ಕೊಠಡಿಗಳನ್ನು ಮಾತ್ರ ಅತಿಥಿಗಳಿಗೆ ಕೊಡುವ ಹಳೆಯ ಮನೆಗೆ ಕಂದಾಯದಲ್ಲಿ ರಿಯಾಯಿತಿಯನ್ನೂ ದುರಸ್ತಿಗೆ ಕಡಿಮೆ ಬಡ್ಡಿಯ ಸಾಲವನ್ನೂ ಕೊಡಬೇಕು. ಇಡೀ ಸಾಲನ್ನೇ ಕೊಂಡುಕೊಳ್ಳುವ ಹಣವಂತನಿಗೆ ಈ ಸೌಕರ್ಯವು ಸಲ್ಲದು. ಅಗ್ರಹಾರದ ಜಗುಲಿಗಳನ್ನು ಕೆಡವಿ ಅಂಗಡಿಸಾಲು ಕಟ್ಟಲು ಅನುಮತಿಯ ಅರ್ಜಿಗಳು ಬಂದಾಗ ನಮ್ಮ ಮೈಸೂರು ಸೀಮೆಯ ಪೌರಾಧಿಕಾರಿಗಳು ಕೂಡ ಈ ದಾರಿಯನ್ನು ಒಂದು ಸಲ ಆಲೋಚಿಸಬಹುದು.

ನಾವು ಹೊರಟ ಬೆಳಗ್ಗೆ ಜಗುಲಿಯ ಗಾರೆಯನ್ನು ಸರಿಮಾಡಲು ವೃದ್ಧ ಮೇಸ್ತ್ರಿಯೊಬ್ಬನು ಬಂದು ಸುಣ್ಣ ಅರೆಯುತ್ತಿದ್ದನು. ಈ ಕೆಲಸವನ್ನು ಮಗನಿಗೆ ಕಲಿಸಿದ್ದೀಯಾ ಎಂದು ಕೇಳಿದೆವು. ಮಗನು ಚೆನ್ನೈಯಲ್ಲಿ ಸಿಮೆಂಟಿನ ಕೆಲಸದಲ್ಲಿದ್ದಾನೆಂದು ಹೇಳಿ ಅವನು ಕೈಯಾಡಿಸುವುದನ್ನು ಮುಂದುವರಿಸಿದನು.