ಬಾಲ್ಯದ ಸಾಹಸಕಥೆಗಳ ಮರುಓದು: ನಾವು ಓದಿದ್ದು ಯಾವ ಪಾಠ?

ಬಾಲ್ಯದಲ್ಲಿ ಓದಿದ ಸಾಹಸಕಥೆಗಳನ್ನು ಪ್ರೌಢವಯಸ್ಸಿನಲ್ಲಿ ಮತ್ತೆ ಓದುವವರು ಸಾಮಾನ್ಯವಾಗಿ ಎರಡು ಬಗೆಯ ತೀರ್ಮಾನಗಳಿಗೆ ಬರುತ್ತಾರೆ. ಕೆಲವರಿಗೆ ಆ ಕಥೆಗಳು ಹಳೆಯ ಸಂತೋಷವನ್ನು ಮರಳಿ ಕೊಡುತ್ತವೆ. ಇನ್ನು ಕೆಲವರಿಗೆ ಅವುಗಳಲ್ಲಿ ವಸಾಹತುಶಾಹಿಯ ದರ್ಪವೇ ಎದ್ದು ಕಂಡು, ಎಳವೆಯಲ್ಲಿ ತಾವು ಮೋಸಹೋದೆವೆಂದು ಅನಿಸುತ್ತದೆ. ಈ ಎರಡೂ ತೀರ್ಮಾನಗಳಿಗೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಬಾಲ್ಯದಲ್ಲಿ ನಾವು ಓದಿದ್ದು ಆ ಕೃತಿಯ ಯಾವ ಪಾಠವನ್ನು? ಹಳಗನ್ನಡ ಕಾವ್ಯವನ್ನು ಅಭ್ಯಾಸ ಮಾಡುವಾಗ ಪಾಠಾಂತರ, ಪ್ರಕ್ಷೇಪ, ಗ್ರಂಥಪಾತಗಳನ್ನು ಎಚ್ಚರದಿಂದ ಪರಿಶೀಲಿಸುವ ನಮ್ಮ ವಿದ್ಯಾರ್ಥಿಗಳು, ಮಕ್ಕಳ ಪುಸ್ತಕವೆಂದೊಡನೆ ಆ ಎಚ್ಚರವನ್ನು ಬದಿಗಿಡುತ್ತಾರೆ. ಹಾಗೆ ಬದಿಗಿಡಲಾಗದೆಂಬುದನ್ನು ಒಂದೆರಡು ಪ್ರಸಿದ್ಧ ಕೃತಿಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೂಲ್ಸ್ ವರ್ನ್‌ನ ‘ದಿ ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಶಾಲೆಯ ದಿನಗಳಲ್ಲಿ, ಮಕ್ಕಳಿಗಾಗಿ ಸಂಗ್ರಹಿಸಿದ ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ. ಅಮೆರಿಕದ ಅಂತರ್ಯುದ್ಧದ ಕೊನೆಯ ದಿನಗಳಲ್ಲಿ, 1865ರ ಮಾರ್ಚ್‌ನಲ್ಲಿ, ರಿಚ್ಮಂಡ್ ನಗರದಿಂದ ಬಲೂನಿನಲ್ಲಿ ತಪ್ಪಿಸಿಕೊಂಡ ಐವರು ಪೆಸಿಫಿಕ್ ಸಾಗರದ ನಿರ್ಜನ ದ್ವೀಪವೊಂದರಲ್ಲಿ ಬಂದು ಬೀಳುತ್ತಾರೆ. ಅವರ ಬಳಿ ಉಪಕರಣಗಳಿಲ್ಲ. ಎಂಜಿನಿಯರ್ ಸೈರಸ್ ಸ್ಮಿತ್ ಎರಡು ಕೈಗಡಿಯಾರಗಳ ಗಾಜುಗಳನ್ನು ಜೋಡಿಸಿ, ನಡುವೆ ನೀರು ತುಂಬಿ, ಅಂಚಿಗೆ ಜೇಡಿಮಣ್ಣು ಮೆತ್ತಿ ಮಸೂರವೊಂದನ್ನು ಮಾಡಿ ಸೂರ್ಯನಿಂದ ಬೆಂಕಿ ಪಡೆಯುತ್ತಾನೆ. ಹುಡುಗನ ಅಂಗಿಯ ಒಳಪದರದಲ್ಲಿ ಸಿಕ್ಕ ಒಂದೇ ಒಂದು ಗೋದಿಕಾಳಿನಿಂದ ಹತ್ತು ತೆನೆ, ತೆನೆಗೆ ಎಂಬತ್ತು ಕಾಳಿನಂತೆ ಮೊದಲ ಕೊಯ್ಲಿಗೆ 800, ಎರಡನೆಯದಕ್ಕೆ 6,40,000 ಕಾಳು ಎಂದು ಅವನು ಲೆಕ್ಕ ಹಾಕುವ ಪ್ರಸಂಗವನ್ನು ಓದಿ, ಮೂರನೆಯ ಕೊಯ್ಲಿನ ಲೆಕ್ಕವನ್ನು ನಾನೇ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಮಾಡಿದ್ದೆ. ಕಷ್ಟಕಾಲದಲ್ಲೆಲ್ಲ ಕಾಣದ ಕೈಯೊಂದು ಅವರಿಗೆ ನೆರವಾಗುತ್ತದೆ. ಕೊನೆಗೆ ಅದು ಕ್ಯಾಪ್ಟನ್ ನೆಮೊನ ಕೈ ಎಂದು ತಿಳಿಯುತ್ತದೆ. ನೆಮೊ ಒಬ್ಬ ಭಾರತೀಯ ರಾಜಕುಮಾರನೆಂಬ ಸಂಗತಿ ನನ್ನ ಪುಸ್ತಕದಲ್ಲಿ ಒಂದು ವಾಕ್ಯದಷ್ಟಿತ್ತು. ಅದು ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಹಲವು ವರ್ಷಗಳ ಬಳಿಕ ಇದೇ ಕೃತಿಯ ಪೂರ್ಣಾನುವಾದವನ್ನು ಓದಿದಾಗ ಆ ಒಂದು ವಾಕ್ಯದ ಜಾಗದಲ್ಲಿ ಒಂದು ಚರಿತ್ರೆಯೇ ಇರುವುದು ಕಂಡಿತು. 1874-75ರಲ್ಲಿ ಪ್ರಕಟವಾದ ಫ್ರೆಂಚ್ ಮೂಲದಲ್ಲಿ ನೆಮೊನ ನಿಜನಾಮ ದಕ್ಕಾರ್. ಆತ ಬುಂದೇಲಖಂಡದ ರಾಜನೊಬ್ಬನ ಮಗ. ಅಷ್ಟೇ ಅಲ್ಲ, ಮೈಸೂರಿನ ಟಿಪ್ಪು ಸುಲ್ತಾನನ ಸೋದರಳಿಯ. ಫ್ರೆಂಚ್ ಪದವು ಸೋದರಿಯ ಮಗನನ್ನೂ ಸೋದರನ ಮಗನನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ತಂದೆ ಬುಂದೇಲಖಂಡದವನಾದ್ದರಿಂದ ನಂಟು ತಾಯಿಯ ಕಡೆಯದೇ ಆಗಿರಬೇಕೆಂದು ಕನ್ನಡದಲ್ಲಿ ಸೋದರಳಿಯ ಎನ್ನುವುದು ಯುಕ್ತ. ಇತಿಹಾಸದ ದೃಷ್ಟಿಯಿಂದ ಇದು ಶುದ್ಧ ಕಲ್ಪನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದದ್ದು 1799ರ ಮೇ 4ರಂದು. ಕಾದಂಬರಿಯ ಲೆಕ್ಕದಂತೆ ದಕ್ಕಾರ್ 1849ರಲ್ಲಿ ಮೂವತ್ತರ ಹರೆಯದವನು, ಅಂದರೆ ಸೋದರಮಾವ ಮಡಿದ ಇಪ್ಪತ್ತು ವರ್ಷಗಳ ಬಳಿಕ ಹುಟ್ಟಿದವನು. ಆದರೆ ಆ ಹೆಸರನ್ನು ವರ್ನ್ ಸುಮ್ಮನೆ ಆಯ್ದುಕೊಂಡಿರಲಾರ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಬ್ರಿಟಿಷರನ್ನು ಎದುರಿಸಿದ ಭಾರತೀಯನೆಂದರೆ ಫ್ರೆಂಚ್ ಓದುಗನಿಗೆ ಹೊಳೆಯಬಹುದಾದ ಹೆಸರು ಅದಾಗಿತ್ತು.

ನನ್ನ ತೆಳ್ಳನೆಯ ಪುಸ್ತಕದಲ್ಲಿ ಇದೊಂದೂ ಇರಲಿಲ್ಲವೇಕೆ? ಸಂಗ್ರಹಕಾರನ ಕತ್ತರಿಯನ್ನಷ್ಟೇ ದೂರಿದರೆ ಸಾಲದು. ಇಂಗ್ಲಿಷಿನಲ್ಲಿ ಬಹುಕಾಲ ಪ್ರಚಾರದಲ್ಲಿದ್ದುದು ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ ಹೆಸರಿನಲ್ಲಿ 1875ರಲ್ಲಿ ಬಂದ ಅನುವಾದ. ಕಿಂಗ್‌ಸ್ಟನ್ ಸ್ವತಃ ಹುಡುಗರ ಸಾಹಸಕಥೆಗಳ ಜನಪ್ರಿಯ ಲೇಖಕ. ಅನುವಾದವನ್ನು ನಿಜವಾಗಿ ಮಾಡಿದವರು ಅವನ ಪತ್ನಿ ಆ್ಯಗ್ನೆಸ್ ಎಂಬುದು ವರ್ನ್ ವಿದ್ವಾಂಸರ ಅಭಿಪ್ರಾಯ. ಆ ಅನುವಾದವನ್ನು ಮೂಲದೊಡನೆ ಹೋಲಿಸಿದರೆ ಮೂರು ವ್ಯತ್ಯಾಸಗಳು ಕಾಣುತ್ತವೆ. ಮೊದಲನೆಯದು: ದಕ್ಕಾರನ ವಂಶವನ್ನು ಹೇಳುವ ವಾಕ್ಯದಲ್ಲಿ ಟಿಪ್ಪುವಿನ ಹೆಸರೇ ಇಲ್ಲ. ಎರಡನೆಯದು: ತಂದೆ ಹತ್ತು ವರ್ಷದ ಮಗನನ್ನು ಯುರೋಪಿಗೆ ಕಳುಹಿಸಿದ್ದು ಮುಂದೊಂದು ದಿನ ತನ್ನ ನಾಡನ್ನು ತುಳಿದವರೊಡನೆ ಸರಿಸಮನಾದ ಆಯುಧಗಳಿಂದ ಹೋರಾಡಲೆಂಬ ಗುಟ್ಟಿನ ಆಶಯದಿಂದ ಎಂದು ವರ್ನ್ ಬರೆದಿದ್ದರೆ, ಅನುವಾದದಲ್ಲಿ ಆ ಆಶಯವು ಅಧಃಪತನಕ್ಕಿಳಿದ ತನ್ನ ದೇಶವನ್ನು ಯುರೋಪಿನ ಮಟ್ಟಕ್ಕೆ ಏರಿಸುವ ಹಂಬಲವಾಗಿ ಬದಲಾಗಿದೆ. ಮೂರನೆಯದು: 1857ರ ಬಂಡಾಯಕ್ಕೆ ಬ್ರಿಟಿಷ್ ಆಳ್ವಿಕೆಯ ಭಾರವೇ ಕಾರಣವೆಂಬ ಮೂಲದ ಧ್ವನಿಯನ್ನು ತೆಗೆದು, ನಾಡಿಗೆ ಶಾಂತಿ ಸಮೃದ್ಧಿಗಳನ್ನು ತಂದ ಆಡಳಿತದ ವಿರುದ್ಧ ಸ್ವಾರ್ಥಿ ರಾಜರು ಜನರನ್ನು ಎತ್ತಿಕಟ್ಟಿದರೆಂಬ ಮಾತನ್ನು ಸೇರಿಸಲಾಗಿದೆ. ಇವು ಅನುವಾದದ ಜಾರುಗಳಲ್ಲ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ಲೋಪ, ಒಂದು ಆದೇಶ, ಒಂದು ಪ್ರಕ್ಷೇಪ.

ಕತ್ತರಿ ಇಂಗ್ಲಿಷರ ಕೈಯಲ್ಲಿ ಮಾತ್ರವಿತ್ತೆಂದು ಭಾವಿಸಬಾರದು. 1870ರಲ್ಲಿ ಪೂರ್ಣಗೊಂಡ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ ಕೃತಿಯನ್ನು ಬರೆಯತೊಡಗಿದಾಗ ನೆಮೊನನ್ನು ವರ್ನ್ ಕಲ್ಪಿಸಿಕೊಂಡದ್ದು ರಷ್ಯದ ವಿರುದ್ಧ ಬಂಡೆದ್ದ ಪೋಲೆಂಡಿನ ಶ್ರೀಮಂತನಾಗಿ. ರಷ್ಯದ ಓದುಗರನ್ನೂ ಅಲ್ಲಿನ ಮಾರುಕಟ್ಟೆಯನ್ನೂ ಕಳೆದುಕೊಳ್ಳಲೊಲ್ಲದ ಪ್ರಕಾಶಕ ಹೆಟ್ಜೆಲ್ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ಆ ಕೃತಿಯಲ್ಲಿ ನೆಮೊ ದೇಶವಿಲ್ಲದವನಾಗಿ ಉಳಿದ. ಅವನ ಕೋಣೆಯ ಗೋಡೆಯ ಮೇಲೆ ಪೋಲೆಂಡಿನ ವೀರ ಕೊಶ್ಚುಷ್ಕೊನ ಚಿತ್ರ ಮಾತ್ರ ಉಳಿಯಿತು. ಮುಂದಿನ ಕೃತಿಯಲ್ಲಿ ನೆಮೊ ಸಾಯುವಾಗ ಆಡುವ ಕೊನೆಯ ಮಾತು ಹಸ್ತಪ್ರತಿಯಲ್ಲಿ ‘ಸ್ವಾತಂತ್ರ್ಯ’ ಎಂದಿತ್ತು. ಹೆಟ್ಜೆಲ್‌ನ ಒತ್ತಾಯದಿಂದ ಅದು ದೇವರನ್ನೂ ತಾಯ್ನಾಡನ್ನೂ ನೆನೆಯುವ ಮಾತಾಯಿತು.

ಹಳೆಯ ಪುಸ್ತಕಗಳನ್ನು ಇಂದಿನ ನೀತಿಯಿಂದ ಅಳೆಯುವುದು ಕಾಲದೋಷವೆಂಬ ಆಕ್ಷೇಪವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಈ ಕಥೆಗಳಲ್ಲಿ ರಾಜಕೀಯವಿದೆಯೆಂದು ಕಂಡುಹಿಡಿದವರು ನಾವಲ್ಲ. ಹೆಟ್ಜೆಲ್‌ಗೆ ಅದು ಕಂಡಿತ್ತು, ಆದ್ದರಿಂದಲೇ ಅಂಜಿದ. ಕಿಂಗ್‌ಸ್ಟನ್ ದಂಪತಿಗಳಿಗೂ ಕಂಡಿತ್ತು, ಆದ್ದರಿಂದಲೇ ತಿದ್ದಿದರು. ಹತ್ತೊಂಬತ್ತನೆಯ ಶತಮಾನದ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಮಕ್ಕಳಿಂದ ಮಾತ್ರ ಮರೆಮಾಡಲಾಗಿತ್ತು.

ಇದೇ ಬಗೆಯ ಮರೆಮಾಚುವಿಕೆ ಡೇನಿಯಲ್ ಡಿಫೊನ ‘ರಾಬಿನ್ಸನ್ ಕ್ರೂಸೊ’ (1719) ವಿಷಯದಲ್ಲೂ ನಡೆದಿದೆ. ಮಕ್ಕಳ ಆವೃತ್ತಿಗಳಲ್ಲಿ ಕಥೆ ಹೆಚ್ಚಾಗಿ ಹಡಗು ಒಡೆಯುವುದರೊಂದಿಗೆ ಬೇಗನೆ ದ್ವೀಪಕ್ಕೆ ಬಂದುಬಿಡುತ್ತದೆ. ಮೂಲದಲ್ಲಿ ಅದಕ್ಕೆ ಮುಂಚೆ ನಡೆಯುವುದೇನು? ಉತ್ತರ ಆಫ್ರಿಕದಲ್ಲಿ ಕ್ರೂಸೊ ತಾನೇ ಗುಲಾಮನಾಗಿದ್ದು, ಜೂರಿ ಎಂಬ ಹುಡುಗನ ನೆರವಿನಿಂದ ತಪ್ಪಿಸಿಕೊಳ್ಳುತ್ತಾನೆ. ತಮ್ಮನ್ನು ಕಾಪಾಡಿದ ಪೋರ್ಚುಗೀಸ್ ನಾವಿಕನಿಗೆ ಅದೇ ಹುಡುಗನನ್ನು ಅರವತ್ತು ಬೆಳ್ಳಿ ನಾಣ್ಯಗಳಿಗೆ ಮಾರುತ್ತಾನೆ. ಬ್ರೆಜಿಲ್‌ನಲ್ಲಿ ತೋಟ ಮಾಡುವಾಗ ಆತನನ್ನು ಮಾರಬಾರದಿತ್ತೆಂದು ಕ್ರೂಸೊಗೆ ಅನಿಸುತ್ತದೆ. ಕಾರಣ, ದುಡಿಯುವ ಆಳು ಸಾಲದೆ ಹೋದದ್ದು. ಇಪ್ಪತ್ತೆಂಟು ವರ್ಷಗಳ ದ್ವೀಪವಾಸಕ್ಕೆ ಅವನನ್ನು ನೂಕಿದ ಪ್ರಯಾಣವಾದರೂ ಎಲ್ಲಿಗೆ? ತೋಟಗಳಿಗೆ ಗುಲಾಮರನ್ನು ತರಲು ಗಿನಿ ತೀರಕ್ಕೆ. ಈ ಪೂರ್ವಭಾಗವನ್ನು ಬಿಟ್ಟರೆ ಉಳಿಯುವವನು ದುಡಿದು ಬದುಕಿದ ನಿರಪರಾಧಿ. ಹೀಗೆ ಕತ್ತರಿಸಲು ತಾತ್ವಿಕ ಬೆಂಬಲ ಕೊಟ್ಟವನು ಸ್ವತಃ ರೂಸೊ. 1762ರ ‘ಎಮಿಲ್’ ಗ್ರಂಥದಲ್ಲಿ ತನ್ನ ಶಿಷ್ಯನ ಮೊದಲ ಪುಸ್ತಕ ಕ್ರೂಸೊ ಆಗಬೇಕೆಂದ ಅವನು, ಹಡಗು ಒಡೆದಲ್ಲಿಂದ ಬಿಡುಗಡೆಯ ಹಡಗು ಬರುವವರೆಗಿನ ಭಾಗ ಸಾಕು, ಉಳಿದದ್ದು ಕಸ ಎಂಬ ನಿಲುವು ತಾಳಿದ. ಸ್ವಾವಲಂಬನೆಯ ಪಾಠ ಹೇಳಲು ಅವನಿಗೆ ದ್ವೀಪ ಬೇಕಿತ್ತು. ಆ ದ್ವೀಪಕ್ಕೆ ದಾರಿಯಾದ ವ್ಯಾಪಾರ ಬೇಕಿರಲಿಲ್ಲ.

ಮಕ್ಕಳ ಆವೃತ್ತಿಗಳಲ್ಲಿ ತೆಗೆದುಹಾಕಿರುವುದು ಕಠಿಣವಾದುದನ್ನು ಎಂದು ನಾವು ನಂಬುತ್ತೇವೆ. ನಿಜವಾಗಿ ತೆಗೆದಿರುವುದು ಇತಿಹಾಸವನ್ನು ಎಂಬುದು ನನ್ನ ವಾದ. ಗೋದಿಕಾಳಿನ ಲೆಕ್ಕ ಕಠಿಣವಾದರೂ ಉಳಿಯಿತು. ಟಿಪ್ಪುವಿನ ಹೆಸರು ಸುಲಭವಾದರೂ ಹೋಯಿತು.

ಮಾನವರನ್ನು ಮಾರುವ ಕಥೆ ಎಳೆಯ ಮನಸ್ಸಿಗೆ ತಗದೆಂದು ಹೇಳುವವರುಂಟು. ಅವರು ನಮ್ಮ ಹರಿಶ್ಚಂದ್ರನ ಕಥೆಯನ್ನು ನೆನೆಯಬೇಕು. ಕಾಶಿಯ ಬೀದಿಯಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಮಾರಾಟವಾಗುವ ಪ್ರಸಂಗವನ್ನು ರಾಘವಾಂಕನಿಂದ ಹಿಡಿದು ಯಕ್ಷಗಾನ, ಬಯಲಾಟಗಳವರೆಗೆ ಎಲ್ಲ ಕಡೆ ಮಕ್ಕಳು ಹಿರಿಯರ ಪಕ್ಕದಲ್ಲೇ ಕುಳಿತು ಕೇಳಿದ್ದಾರೆ, ನೋಡಿದ್ದಾರೆ, ಅತ್ತಿದ್ದಾರೆ. ಲೋಹಿತಾಶ್ವನಿಗಾಗಿ ಅಳಬಲ್ಲ ಮಗು ಜೂರಿಗಾಗಿಯೂ ಅಳಬಲ್ಲದು. ವ್ಯತ್ಯಾಸವಿಷ್ಟೆ: ಹರಿಶ್ಚಂದ್ರನ ಕಥೆಯಲ್ಲಿ ಮಾರಿದವನ ಎದೆಯೂ ಒಡೆಯುತ್ತದೆ, ಕ್ರೂಸೊನ ಕಥೆಯಲ್ಲಿ ಒಡೆಯುವುದಿಲ್ಲ. ಆ ವ್ಯತ್ಯಾಸವನ್ನು ಗುರುತಿಸುವ ಅವಕಾಶವನ್ನು ಮಗುವಿನಿಂದ ಕಿತ್ತುಕೊಳ್ಳುವುದು ಸಲ್ಲದು.

ಹಾಗೆಂದು ಪೂರ್ಣಪಾಠವನ್ನು ಓದಿದೊಡನೆ ವರ್ನ್ ನಮ್ಮ ಪಕ್ಷದವನಾಗಿಬಿಡುತ್ತಾನೆಂದು ಹಿಗ್ಗುವಂತಿಲ್ಲ. ಅದೇ ‘ನಿಗೂಢ ದ್ವೀಪ’ದಲ್ಲಿ ನ್ಯಾಬ್ ಎಂಬ ಕಪ್ಪು ವರ್ಣದವನು, ಯಜಮಾನನಿಂದ ಬಿಡುಗಡೆ ಪಡೆದ ಮೇಲೂ ಭಕ್ತಿಯಿಂದ ಸೇವಕನಾಗಿಯೇ ಉಳಿಯುತ್ತಾನೆ. ಪಳಗಿಸಿದ ಒರಾಂಗುಟಾನ್ ಒಂದು ಅವನ ಜೊತೆ ಅಡುಗೆಮನೆಯ ಕೆಲಸಕ್ಕೆ ನಿಲ್ಲುತ್ತದೆ. ಹುಡುಗನಾಗಿ ನಾನು ನಕ್ಕಿದ್ದ ಆ ಪುಟಗಳನ್ನು ಈಗ ಓದುವಾಗ ಮೈ ಮುದುರಿತು. 1880ರಲ್ಲಿ ವರ್ನ್ ಬರೆದ ‘ದಿ ಸ್ಟೀಮ್ ಹೌಸ್’ ಕಾದಂಬರಿಯಲ್ಲಿ 1857ರ ನಾನಾಸಾಹೇಬ ಖಳನಾಗಿದ್ದಾನೆ, ಬ್ರಿಟಿಷ್ ಕರ್ನಲ್ ನಾಯಕನ ಪಕ್ಷದಲ್ಲಿದ್ದಾನೆ. ಒಬ್ಬನೇ ಲೇಖಕ ಆರು ವರ್ಷಗಳ ಅಂತರದಲ್ಲಿ ಒಂದೇ ಬಂಡಾಯವನ್ನು ಎರಡು ದಿಕ್ಕಿನಿಂದ ನೋಡಿದ್ದಾನೆ. ಅವನನ್ನು ಆರೋಪಿಯಾಗಿಸುವುದೂ ಬಂಧುವಾಗಿಸುವುದೂ ಎರಡೂ ಅವಸರದ ಕೆಲಸ.

ಮರುಓದಿನಲ್ಲಿ ನನ್ನ ಹಳೆಯ ಸಂತೋಷ ಕೆಡಲಿಲ್ಲವೆಂಬುದನ್ನೂ ಹೇಳಬೇಕು. ಮಸೂರ ಮಾಡಿದ ಎಂಜಿನಿಯರ್ ಈಗಲೂ ಪ್ರಿಯನೇ. ಆದರೆ ಹುಡುಗನಾಗಿದ್ದಾಗ ನಾನು ಅವನಾಗಬಯಸಿದ್ದೆ. ನಾಡನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡು ಗುಹೆಯೊಳಗಿನ ಹಡಗಿನಲ್ಲಿ ಒಂಟಿಯಾಗಿ ಸಾಯುತ್ತಿದ್ದವನು ನನಗೆ ಹೆಚ್ಚು ಹತ್ತಿರದವನೆಂದು ಯಾರೂ ತಿಳಿಸಿರಲಿಲ್ಲ. ನೆಮೊ ಸಿಂಹಳದ ಸಮುದ್ರದಲ್ಲಿ ಶಾರ್ಕಿನ ಬಾಯಿಂದ ಬಡ ಮುತ್ತುಗಾರನೊಬ್ಬನನ್ನು ಉಳಿಸಿ, ಮುತ್ತಿನ ಚೀಲವನ್ನು ಅವನ ಕೈಗಿಡುವ ಹಿಂದಿನ ಕೃತಿಯ ಪ್ರಸಂಗದ ಅರ್ಥವೂ ಈಗಲೇ ತಿಳಿದದ್ದು.

ನಮ್ಮ ಮಕ್ಕಳಿಗೆ ಈ ಕೃತಿಗಳನ್ನು ಕನ್ನಡದಲ್ಲಿ ಕೊಡುವವರು ಹಳೆಯ ಇಂಗ್ಲಿಷ್ ಸಂಗ್ರಹಗಳನ್ನು ಆಧಾರವಾಗಿಟ್ಟುಕೊಂಡರೆ ಕಿಂಗ್‌ಸ್ಟನ್‌ನ ಕತ್ತರಿ ನಮ್ಮ ಭಾಷೆಯಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ. ಸಂಗ್ರಹ ಬೇಡವೆನ್ನುವುದಿಲ್ಲ; ಏನನ್ನು ಬಿಡಲಾಗಿದೆಯೆಂದು ಮುನ್ನುಡಿಯಲ್ಲಿ ಎರಡು ಸಾಲು ಬರೆಯುವ ಪ್ರಾಮಾಣಿಕತೆ ಬೇಕು. ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಜಾರ್ಡನ್ ಸ್ಟಂಪ್ 2001ರಲ್ಲಿ ಪ್ರಕಟಿಸಿದ ಪೂರ್ಣಾನುವಾದ ದೊರೆಯುತ್ತದೆ. ಕಿಂಗ್‌ಸ್ಟನ್ ಅನುವಾದವಂತೂ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದೆ ಎಲ್ಲರಿಗೂ ಲಭ್ಯ. ದಕ್ಕಾರನ ವೃತ್ತಾಂತವಿರುವ ಪುಟಗಳನ್ನು ಎರಡರಿಂದಲೂ ತೆಗೆದು ಅಕ್ಕಪಕ್ಕದಲ್ಲಿಟ್ಟು ಒಂದು ಸಂಜೆ ಓದಲಿ. ಪಾಠಭೇದವೆಂದರೇನೆಂದು ತಿಳಿಯಲು ಓಲೆಗರಿಯೇ ಬೇಕಿಲ್ಲ. ನಾವು ಎಳವೆಯಲ್ಲಿ ಓದಿ ಮುಗಿಸಿದೆವೆಂದುಕೊಂಡ ಪುಸ್ತಕವೂ ಸಾಕು.